ಕೆನ್ನೆಗೆ ಬಂದ ದುರಗವ್ವ

ಒಂದೇ ಕಡೆ ಕೂರುವ ಕೆಲಸ ನನಗೆ ಒಗ್ಗಿದ್ದಲ್ಲ. ಹನ್ನೊಂದು ವರ್ಷದಿಂದ ಗೋವಾದ ಕೊಲ್ವಾ ಬೀಚಿನಲ್ಲಿ ಹೆಗಲಿಗೆ ಬಟ್ಟೆ ಚೀಲ, ಮುಂಗೈ ತುಂಬ ಮಣಿಸರ ಹಾಕಿಕೊಂಡು ಮರಳ ಮೇಲೆ ತಿರುಗಿದವಳು ನಾನು. ಊಟಕ್ಕೆ ಕೂತರೂ ಒಂದು ಕಾಲು ಅಲ್ಲಾಡುತ್ತಿರುತ್ತದೆ. ಅಂಥವಳಿಗೆ ಮಡಗಾಂವಿನ ಚರ್ಮದ ಡಾಕ್ಟರಮ್ಮ, "ಹತ್ತು ದಿನ ಬಿಸಿಲಿಗೆ ಬರಬೇಡ, ಒಲೆ ಮುಂದೆ ಕೂರಬೇಡ, ಮುಖಕ್ಕೆ ಕೈ ಹಚ್ಚಬೇಡ" ಎಂದರು. ಆಯಿತು ಎಂದೆ. ಆಯಿತು ಅನ್ನುವುದಕ್ಕೇನು, ಬಾಯಿ ಇದ್ದರೆ ಸಾಕು.

ನನ್ನ ಮಗಳು ಪೂಜಾ ಹುಟ್ಟಿದ ವರ್ಷ ನನ್ನ ಎರಡೂ ಕೆನ್ನೆಯ ಮೇಲೆ ಬಂಗು ಎದ್ದಿತು. ಮೊದಲು ತೆಳ್ಳಗಿತ್ತು. ಆಮೇಲೆ ಬಿಸಿಲು ತಿಂದು ತಿಂದು ಕಪ್ಪಾಗಿ, ಮೂಗಿನ ಮೇಲಿಂದ ಆ ಕಡೆಗೂ ಈ ಕಡೆಗೂ ಹರಡಿತು. ಏಳು ವರ್ಷ ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈ ಸಲ ಮಳೆಗಾಲದಲ್ಲಿ ಮಡಗಾಂವಿನ ಒಂದು ದೊಡ್ಡ ಕರಕುಶಲ ಅಂಗಡಿಯವಳು ನನ್ನನ್ನು ಕೆಲಸಕ್ಕೆ ಕರೆದಳು. ಹಿಂದಿ, ಕೊಂಕಣಿ, ಅರ್ಧಮರ್ಧ ಇಂಗ್ಲಿಷು, ನಾಲ್ಕು ರಷ್ಯನ್ ಮಾತು, ಎಲ್ಲ ನನಗೆ ಬರುತ್ತದೆ. ತಲೆಯ ಮೇಲೆ ಫ್ಯಾನು, ಕಾಲ ಕೆಳಗೆ ನುಣ್ಣನೆಯ ಹಾಸುಗಲ್ಲು, ಪೊಲೀಸರು ಬಂದರು ಎಂದು ಚೀಲ ಎತ್ತಿಕೊಂಡು ಓಡುವ ಗೋಳಿಲ್ಲ. "ಜನವರಿ ಒಂದಕ್ಕೆ ಬಾ" ಎಂದಳು. ಹಾಗೆ ಹೇಳುವಾಗ ನನ್ನ ಕೆನ್ನೆ ನೋಡಿದಳು. ಬಾಗಿಲ ತನಕ ಬಂದು ಮತ್ತೊಮ್ಮೆ ನೋಡಿದಳು. ಮೂರನೇ ಸಲ ನೋಡಿದ್ದರೆ ನಾನೇ ಕೇಳಿಬಿಡುತ್ತಿದ್ದೆ, ನೋಡಲಿಲ್ಲ. ಅವತ್ತಿನಿಂದ ನನ್ನ ಕೆನ್ನೆ ನನಗೇ ಭಾರವಾಯಿತು.

ಡಾಕ್ಟರಮ್ಮ ಬೀಚಿಗೆ ವಾಕಿಂಗ್ ಬರುವವರು, ನನ್ನ ಗಿರಾಕಿ. ಅವರ ದವಾಖಾನೆಯ ಗೋಡೆಗೆ ಕನ್ನಡಿ ಕಸೂತಿಯ ಒಂದು ಪರದೆ ಬೇಕಾಗಿತ್ತು. "ನೀನು ಅದನ್ನು ಹೊಲಿದುಕೊಡು, ನಿನ್ನ ಕೆನ್ನೆ ನಾನು ನೋಡಿಕೊಳ್ಳುತ್ತೇನೆ" ಎಂದರು. ಉಳಿದ ಮಳೆಗಾಲ ಪೂರ್ತಿ ಕೂತು ಹೊಲಿದೆ. ಡಿಸೆಂಬರಿನ ಒಂದು ಸೋಮವಾರ ಅವರು ನನ್ನನ್ನು ಕುರ್ಚಿಯಲ್ಲಿ ಒರಗಿಸಿ, ಬ್ರಷ್ಷಿನಿಂದ ಮುಖಕ್ಕೆ ಒಂದು ನೀರು ಬಳಿದರು. ಅದು ಒಂದು ಬಗೆಯ ಆ್ಯಸಿಡ್ಡಂತೆ. ಆ ಮಾತು ಕೇಳಿ ನಾನು ಅರ್ಧ ಎದ್ದಿದ್ದೆ, ನಕ್ಕು ಕೂರಿಸಿದರು. ಮೇಲಿನ ಕಪ್ಪು ಪದರ ನಾಲ್ಕೈದು ದಿನದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ತಾನಾಗಿ ಬಿಡುತ್ತದೆ, ಅಡಿಯಿಂದ ಹೊಸ ಚರ್ಮ ಬರುತ್ತದೆ, ಆ ಹೊಸ ಚರ್ಮ ಹಸುಗೂಸು, ಅದನ್ನು ಜೋಪಾನ ಮಾಡಬೇಕು ಎಂದರು. ತಣ್ಣೀರು ಮಾತ್ರ, ತಿಕ್ಕಬಾರದು. ದಿನಕ್ಕೆ ನಾಲ್ಕು ಸಲ ಈ ಬಿಳಿ ಕ್ರೀಮು. ಕಿಟಕಿಯ ಬೆಳಕಿಗೆ ಕೂರುವುದಾದರೂ ಈ ಇನ್ನೊಂದು ಕ್ರೀಮು. ತುರಿಸಿದರೆ ಕೆರೆಯಬಾರದು, ಎದ್ದ ಸಿಪ್ಪೆಯನ್ನು ಎಳೆಯಬಾರದು, ಎಳೆದರೆ ಅಲ್ಲೇ ಮೊದಲಿಗಿಂತ ಕಪ್ಪು ಕಲೆ ಕೂರುತ್ತದೆ. "ಮತ್ತೆ ನಿಮ್ಮ ಜನ ಎಲ್ಲಕ್ಕೂ ಹಚ್ಚುತ್ತೀರಲ್ಲ, ಅರಿಶಿನ, ನಿಂಬೆ, ಬೇವು, ಅದೇನನ್ನೂ ಹದಿನೈದು ದಿನ ಹತ್ತಿರ ಸುಳಿಯಗೊಡಬೇಡ" ಎಂದು ಬೆರಳು ಅಲ್ಲಾಡಿಸಿದರು.

ಮನೆಯಲ್ಲಿ ಹೇಳಲಿಲ್ಲ. ಮನೆ ಎಂದರೆ ಬೀಚಿನಿಂದ ಒಳಗೆ, ಸಾಲು ಖೋಲಿಗಳಲ್ಲಿ ನಮ್ಮವು ಎರಡು. ನಾನು, ನನ್ನ ಗಂಡ ಅಪ್ಪಾಸಾಬ, ಮಗಳು, ಬಸುರಿ ನೆಗೆಣ್ಣಿ ನಂದಾ, ಮತ್ತೆ ಅತ್ತೆ ಶಿವವ್ವ. ಗಂಡ ಮುರ್ಮುಗಾಂವ್ ಬಂದರಿನಲ್ಲಿ ಮಾಲು ಇಳಿಸುತ್ತಾರೆ. ನಂದಾಳ ಗಂಡ, ನನ್ನ ಮೈದುನ ರವಿಕುಮಾರ ಕೊರ್ಲಿಮ್‌ನ ಫ್ಯಾಕ್ಟರಿಯಲ್ಲಿದ್ದಾನೆ, ಅಲ್ಲೇ ತಗಡಿನ ಖೋಲಿಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಅತ್ತೆ ನನ್ನ ಜೊತೆಗೇ ಬೀಚಿನಲ್ಲಿ ಮಾರುವವರು, ಅರವತ್ತು ದಾಟಿದರೂ ನನಗಿಂತ ಜೋರು ನಡೆಯುತ್ತಾರೆ, ನನಗಿಂತ ಜೋರು ಬೈಯುತ್ತಾರೆ. ಹೋದ ವರ್ಷ ನಂದಾ ಪಾರ್ಲರಿಗೆ ಹೋಗಿ ಮುಖಕ್ಕೆ ಬ್ಲೀಚ್ ಮಾಡಿಸಿಕೊಂಡು ಬಂದಾಗ, "ದೇವರು ಕೊಟ್ಟ ಬಣ್ಣ ಸಾಲಲಿಲ್ಲೇನವ್ವ? ಗ್ವಾಡಿಗಿ ಸುಣ್ಣಾ ಹೊಡಿದಂಗ ಹೊಡಸ್ಕೊಂಡು ಬಂದೀದಿ" ಎಂದು ಒಂದು ತಿಂಗಳು ಬೀಚಿನ ತುಂಬ ಹೇಳಿಕೊಂಡು ತಿರುಗಿದ್ದರು. ನಾನು ಆ್ಯಸಿಡ್ ಹಚ್ಚಿಸಿಕೊಂಡೆ ಎಂದರೆ ಬಿಡುತ್ತಾರೆಯೇ? ಹೊಟ್ಟೆ ಸರಿಯಿಲ್ಲ, ಮೈಯಲ್ಲಿ ಕಸುವಿಲ್ಲ ಎಂದು ಸೆರಗು ಮುಖಕ್ಕೆಳೆದುಕೊಂಡು ಒಳ ಖೋಲಿಯಲ್ಲಿ ಮಲಗಿದೆ.

ಎರಡು ದಿನ ನಡೆಯಿತು. ಮುಖ ಬಿಗಿಯಾಗಿ, ಒಣಗಿದ ಹಪ್ಪಳದಂತಾಗಿತ್ತು. ಮೂರನೇ ದಿನ ಬೆಳಿಗ್ಗೆ ತುಟಿಯ ಸುತ್ತ ಸೀಳು ಬಿಟ್ಟು, ಕೆನ್ನೆ ಕಂದು ತಿರುಗಿ, ಗದ್ದದ ಮೇಲೆ ಸಿಪ್ಪೆ ಏಳತೊಡಗಿತು. ಅತ್ತೆ ಚಹಾ ತಂದವರು, "ಎಷ್ಟಂತ ಮಲಗ್ತೀದಿ, ಏಳ" ಎಂದು ಸೆರಗು ಸರಿಸಿದರು. ಬಟ್ಟಲು ಕೈಯಿಂದ ಬಿತ್ತು.

"ಬಂದ್ಯವ್ವ?" ಎಂದರು, ಬಹಳ ಮೆತ್ತಗೆ.

ಇದು ನನಗೆ ಹೇಳಿದ್ದಲ್ಲ ಎಂದು ತಿಳಿಯುವುದರೊಳಗೆ ಅತ್ತೆ ನನ್ನ ಎರಡೂ ಕಾಲು ಹಿಡಿದು ಹಣೆ ಹಚ್ಚಿದ್ದರು. ಮೈಮೇಲೆ ಗುಳ್ಳೆ ಎದ್ದು ಸಿಪ್ಪೆ ಸುಲಿಯುವ ರೋಗಕ್ಕೆ ನಮ್ಮಲ್ಲಿ ಅಮ್ಮ ಬಂದಳು ಅನ್ನುತ್ತಾರೆ. ಯಾರ ಮೈಮೇಲೆ ಬಂದಳೋ ಅವರು ಅಷ್ಟು ದಿನ ಮನುಷ್ಯರಲ್ಲ, ದುರಗವ್ವ. ಸೊಸೆಯಾದರೂ ಅಷ್ಟೆ, ಕೂಸಾದರೂ ಅಷ್ಟೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ತುಟಿಯ ಸೀಳು ಉರಿಯಿತು, ಜೊತೆಗೆ ಧೈರ್ಯವೂ ಉಡುಗಿತು. ಬಾಯಿ ಮುಚ್ಚಿದೆ. ಅರ್ಧ ತಾಸಿನಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಎಣ್ಣೆ ಡಬ್ಬಿ ಮೇಲಿನ ಹಲಗೆಗೆ ಹೋಯಿತು, ಮನೆಯಲ್ಲಿ ಒಗ್ಗರಣೆಯಿಲ್ಲ, ಮೀನಿಲ್ಲ. ನಂದಾ ಏಳು ತಿಂಗಳ ಬಸುರಿ, ಅವಳಿಗೆ ಸೋಂಕು ತಾಕಬಾರದು. ಅವಳನ್ನೂ ನನ್ನ ಪೂಜಾಳನ್ನೂ ಬಟ್ಟೆ ಗಂಟು ಕಟ್ಟಿ ಕೊರ್ಲಿಮ್‌ನ ಬಸ್ಸಿಗೆ ಹತ್ತಿಸಿದರು. ಮಗಳು ಬಾಗಿಲಲ್ಲಿ ನಿಂತು "ಅವ್ವಾ, ನಾ ಸಾಲಿಗಿ ಹೋಗೂದು ಬ್ಯಾಡೇನು?" ಎಂದು ಕೇಳಿದಾಗ, ಸೆರಗೊಳಗೆ ನನ್ನ ಮುಖ ಇನ್ನಷ್ಟು ಬಿಗಿಯಾಯಿತು. ಎಲ್ಲಕ್ಕಿಂತ ದೊಡ್ಡದು, ಅತ್ತೆ ಮಾಲಿನ ಚೀಲಗಳನ್ನು ಮೂಲೆಗಿಟ್ಟು ಮೇಲೆ ಕಂಬಳಿ ಮುಚ್ಚಿಬಿಟ್ಟರು. ಕ್ರಿಸ್‌ಮಸ್ಸಿಗೆ ವಾರವಿದೆ, ಬೀಚು ಜನರಿಂದ ಬಿರಿಯುವ ಹೊತ್ತು.

"ಅತ್ತಿ, ನೀವರ ಹೋಗ್ರಿ ಮಾರಾಕ" ಎಂದೆ.

"ಅಮ್ಮ ಮನ್ಯಾಗ ಕುಂತಾಗ ದುಡ್ಯಾಕ ಹೋಗೂದ? ಆ ಮಾತು ಬಾಯಾಗ ತರಬ್ಯಾಡ" ಎಂದು ಎರಡೂ ಕಿವಿ ಮುಟ್ಟಿಕೊಂಡರು. ಅವರ ಮುಖದಲ್ಲಿದ್ದ ಹೆದರಿಕೆ ನಾನು ಯಾವತ್ತೂ ನೋಡಿರದಂಥದ್ದು. ಬೀಚಿನಲ್ಲಿ ಲಾಠಿ ಹಿಡಿದು ಬಂದವರನ್ನೂ ಎದುರು ನಿಂತು ಬೈದ ಹೆಂಗಸು ಅವರು.

ಸಂಜೆ ಗಂಡ ಬಂದರು. ಅಮ್ಮ ಇರುವ ಖೋಲಿಗೆ ಗಂಡಸು ಬರುವ ಹಾಗಿಲ್ಲ. ಅತ್ತೆ ನೀರಿಗೆ ಹೋದಾಗ ಕಿಟಕಿಯ ಹತ್ತಿರ ಕರೆದು ಎಲ್ಲ ಒದರಿದೆ. ಅವರು ಸರಳು ಹಿಡಿದು ನನ್ನನ್ನೇ ನೋಡಿದರು.

"ನಿನಗೇನರ ಹುಚ್ಚ ಹಿಡದೈತೇನ, ದ್ರಾಕ್ಷಾಯಿಣಿ? ಬಸುರ ಹೆಣಮಗಳು ತಗಡಿನ ಖೋಲ್ಯಾಗ ಬೇಯಾಕತ್ತಾಳ. ಅವ್ವ ಬೆಳಗಿಂದ ಗುಟುಕ ನೀರ ಕುಡದಿಲ್ಲ. ನೀ ದೇವರಾಗಿ ಕುಂತೀದಿ!"

"ಹಂಗಾರ ನೀವ ಹೇಳ್ರಿ ನಿಮ್ಮ ಅವ್ವಗ."

ಅವರ ಜೋರು ಅಲ್ಲಿಗೆ ಇಳಿಯಿತು. ಐವತ್ತು ಕಿಲೋ ಚೀಲ ಹೊರುವ ಗಂಡಸು, ತಾಯಿಯ ಮುಂದೆ ಇನ್ನೂ ಚಡ್ಡಿ ಹಾಕುವ ಹುಡುಗ. ಕೊನೆಗೆ, "ಭಾನುವಾರ ತನಕಾ ನೋಡ್ತೇನಿ. ಏಳನೇ ದಿನ ಅವ್ವ ಅಮ್ಮನ್ನ ಕಳಿಸ್ತಾಳ. ಅಷ್ಟರಾಗ ನೀನ ಹೇಳು. ಹೇಳಲಿಲ್ಲಂದ್ರ ಡೂಟಿ ಮುಗಿಸಿ ಬಂದು ನಾ ಹೇಳ್ತೇನಿ, ಖರೇ" ಎಂದು ಹೋದರು.

ಮೊದಲ ದಿನ ನನಗೆ ಒಳಗೊಳಗೇ ನಗುವೂ ಬರುತ್ತಿತ್ತು, ಸುಳ್ಳೇಕೆ. ಡಾಕ್ಟರಮ್ಮ ಹೇಳಿದ್ದನ್ನೇ ದುರಗವ್ವ ಹೇಳುತ್ತಿದ್ದಳು. ಬಿಸಿಲು ಬೇಡ. ಒಲೆ ಬೇಡ. ಸಾಬೂನು ಮುಟ್ಟಬಾರದು, ಕೆರೆಯಬಾರದು. ಇಬ್ಬರೂ ಒಂದು ಕಡೆ ಕೂತು ಮಾತಾಡಿಕೊಂಡು ಚೀಟಿ ಬರೆದಂತಿತ್ತು. ಕ್ರೀಮಿನ ಟ್ಯೂಬನ್ನು ಮಾತ್ರ ಮಣಿಗಳ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಅತ್ತೆ ಹೊರಗೆ ಹೋದಾಗ ಹಚ್ಚಿಕೊಳ್ಳುತ್ತಿದ್ದೆ. "ನೋಡು, ಅಮ್ಮನ ಕಳಾ ಹ್ಯಾಂಗ ಮಿಂಚಾಕತ್ತೈತಿ" ಎಂದು ಅವರು ಕೈಮುಗಿಯುತ್ತಿದ್ದರು. ಮಿಂಚುತ್ತಿದ್ದುದು ಕ್ರೀಮು.

ನಗು ನಾಲ್ಕನೇ ದಿನಕ್ಕೆ ಮುಗಿಯಿತು. ಕೆನ್ನೆಯ ತುಂಬ ಇರುವೆ ಬಿಟ್ಟಂತೆ ತುರಿಕೆ. ಕೈ ತಾನಾಗಿ ಮೇಲೆ ಹೋಗುತ್ತಿತ್ತು. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಕಾಲು ಸುಮ್ಮನಿರಲಿಲ್ಲ, ಆರು ಹೆಜ್ಜೆಯ ಖೋಲಿಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದೆ, ಮತ್ತೆ ಕೂತೆ, ಮತ್ತೆ ಎದ್ದೆ. ಹೊರಗೆ ಸ್ಕೂಟರುಗಳ ಸದ್ದು, ಎಲ್ಲೋ ಕ್ರಿಸ್‌ಮಸ್ ಹಾಡು. ಹೊತ್ತು ಮುಂದೆ ಹೋಗುತ್ತಲೇ ಇರಲಿಲ್ಲ. ನಾನು ಚಡಪಡಿಸುವುದನ್ನು ನೋಡಿ ಅತ್ತೆ, "ಶಾಂತ ಆಗವ್ವ ತಾಯಿ, ಶಾಂತ ಆಗು" ಎನ್ನುತ್ತ ಬೇವಿನ ಕಡ್ಡಿ ತಂದು ನನ್ನ ಕೆನ್ನೆಯ ಮೇಲೆ ಮೆಲ್ಲಗೆ ಸವರಿದರು. ಅವರ ಕೈ ಹಗುರವಾಗಿಯೇ ಇತ್ತು. ಆದರೆ ಎಲೆಯ ಅಂಚಿಗೆ ಒಂದು ಸಿಪ್ಪೆ ಸಿಕ್ಕಿ, ಇನ್ನೂ ಅಂಟಿಕೊಂಡಿದ್ದ ಜಾಗದಿಂದ ಸರಕ್ಕನೆ ಬಂತು. ಕಣ್ಣಲ್ಲಿ ನೀರು ಚಿಮ್ಮುವಷ್ಟು ಉರಿ. ಕನ್ನಡಿಯಲ್ಲಿ ನೋಡಿದರೆ ಎಡಗೆನ್ನೆಯ ಮೇಲೆ ಎಂಟಾಣೆಯಗಲ ಕೆಂಪು ಹಸಿ.

ಕದ್ದು ಫೋನು ಮಾಡಿದೆ. ಡಾಕ್ಟರಮ್ಮ ಬೈದರು. "ಕ್ರೀಮು ದಪ್ಪಗೆ ಹಚ್ಚು. ಅಲ್ಲಿಗೆ ಇನ್ನು ಏನಾದರೂ ತಾಕಿದರೆ ಕಲೆ ಕೂರುತ್ತದೆ, ಆಮೇಲೆ ನನ್ನ ಕೈಯಲ್ಲೂ ಆಗುವುದಿಲ್ಲ."

ಆಗ ನನಗೆ ಭಾನುವಾರ ನೆನಪಾಯಿತು. ಅಮ್ಮನನ್ನು ಕಳಿಸುವ ದಿನ ಬೇವು ಮತ್ತು ಅರಿಶಿನ ಅರೆದು ತಲೆಯಿಂದ ಕಾಲಿನವರೆಗೆ ಬಳಿದು, ಬಿಸಿ ನೀರು ಹಾಕುತ್ತಾರೆ. ಮುಖಕ್ಕೆ ಎಲ್ಲಕ್ಕಿಂತ ಹೆಚ್ಚು. ಡಾಕ್ಟರಮ್ಮನೂ ದುರಗವ್ವನೂ ಜಗಳಕ್ಕೆ ಬಿದ್ದದ್ದು ಈ ಒಂದೇ ಮಾತಿಗೆ, ಮತ್ತು ಅದಕ್ಕೆ ನನ್ನ ಕೆನ್ನೆಯೇ ಅಂಗಳ. ಕಲೆ ಕೂತರೆ ಅಂಗಡಿ ಹೋಯಿತು. ಹೇಳಿದರೆ ಮನೆಯ ಶಾಂತಿ ಹೋಯಿತು. ಬಂಗು ಇದ್ದ ಮುಖವನ್ನೇ ಹೊತ್ತುಕೊಂಡು ಹೋಗಿದ್ದರೆ ಆ ಅಂಗಡಿಯವಳೇನು ತಿನ್ನುತ್ತಿದ್ದಳೇ?

ಐದನೇ ದಿನ ಜನ ಬರತೊಡಗಿದರು. ಪಕ್ಕದ ಖೋಲಿಯ ಚಾಂದಿಬಾಯಿ ಮೊಸರನ್ನ ತಂದು ಬಾಗಿಲಲ್ಲಿಟ್ಟಳು. ಹನ್ನೊಂದು ವರ್ಷದಿಂದ ಬೀಚಿನಲ್ಲಿ ನನ್ನ ಗಿರಾಕಿಗಳನ್ನು ಸೆಳೆದುಕೊಂಡು ಜಗಳವಾಡುವ ಹೆಂಗಸು, ಅವತ್ತು ನೆಲಕ್ಕೆ ಹಣೆಯಿಟ್ಟು, "ತಾಯಿ, ಈ ಸೀಜನ್ನದಾಗ ಪೊಲೀಸ್ರ ಕಣ್ಣ ನನ್ನ ಮ್ಯಾಲ ಬೀಳದಂಗ ಮಾಡವ್ವ" ಎಂದು ಪಿಸುಗುಟ್ಟಿದಳು. ಬೇರೆ ಯಾವತ್ತಾದರೂ ಆಗಿದ್ದರೆ ಉರುಳಾಡಿ ನಗುತ್ತಿದ್ದೆ. ಅವತ್ತು ಗೋಡೆಯ ಕಡೆ ಮುಖ ತಿರುಗಿಸಿದೆ.

ಅತ್ತೆ ಮಾತ್ರ ಕೇಳಿಕೊಂಡದ್ದೇನೂ ಇಲ್ಲ. ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಮಲಗಿದ್ದು ನಾನು ನೋಡಲಿಲ್ಲ. ಕಣ್ಣು ಮುಚ್ಚಿದರೆ ತಲೆ ವಾಲುತ್ತಿತ್ತು, ತಕ್ಷಣ ಬೆಚ್ಚಿ ಎದ್ದು ನನ್ನ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದರು. ದಿನಕ್ಕೆರಡು ಸಲ ನನ್ನ ಪಾದ ತೊಳೆದು ಆ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮದುವೆಯಾಗಿ ಹತ್ತು ವರ್ಷ ನಾನು ಅವರ ಕಾಲಿಗೆ ಬಿದ್ದವಳು. ಅವರ ನರೆತ ತಲೆ ನನ್ನ ಪಾದದ ಮೇಲೆ ಬಗ್ಗಿದಾಗಲೆಲ್ಲ ಕಾಲನ್ನು ಕತ್ತರಿಸಿ ಎಸೆದುಬಿಡೋಣ ಅನ್ನಿಸುತ್ತಿತ್ತು. ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸಿಟ್ಟು ಯಾರ ಮೇಲೆ ಎಂದರೆ ಅವರ ಮೇಲೂ ಸ್ವಲ್ಪ ಇತ್ತು: ಇಷ್ಟು ನಂಬಬೇಕೇ ಮನುಷ್ಯರು?

ಆರನೇ ದಿನ ನಂದಾ ಫೋನು ಮಾಡಿದಳು. "ಅಕ್ಕಾ, ಆರಾಮಾಗಾಕತ್ತೀರೇನ್ರಿ? ಇಲ್ಲಿ ಭಾಳ ಸೆಕಿ ಐತ್ರಿ. ಕಾಲ ಬಾತಾವ. ಇರ್ಲಿ ಬಿಡ್ರಿ, ನೀವು ಚಲೋ ಆದ್ರ ಸಾಕು." ಅವಳ ಹಿಂದೆ ಪೂಜಾ, ತನ್ನ ಪುಸ್ತಕ ಇಲ್ಲೇ ಉಳಿದಿದೆ ಎಂದು ಅಳುತ್ತಿದ್ದಳು. ಫೋನಿಟ್ಟ ಮೇಲೆ ನಾನು ಗಟ್ಟಿ ಮನಸ್ಸು ಮಾಡಿದೆ. ಬೈಯಲಿ, ಹೊಡೆಯಲಿ, ಬೀಚಿನಲ್ಲಿ ಡಂಗುರ ಸಾರಲಿ. ನಾಳೆ ಬೆಳಿಗ್ಗೆ ಹೇಳಿಯೇ ಬಿಡುತ್ತೇನೆ.

ಭಾನುವಾರ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಅರೆಯುವ ಸಪ್ಪಳ ಕೇಳಿಯೇ ನನಗೆ ಎಚ್ಚರವಾಯಿತು. ಎದ್ದು, ಮಣಿ ಡಬ್ಬಿಯಿಂದ ಟ್ಯೂಬನ್ನು ತೆಗೆದು ಕೈಯಲ್ಲಿ ಹಿಡಿದು ಕೂತೆ. ಅತ್ತೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ, ಹಸಿರು ಹಳದಿ ಮುದ್ದೆ ತುಂಬಿದ ತಾಟು ಹಿಡಿದು ಬಂದರು. ಬೇವಿನ ಕಹಿ ವಾಸನೆ ಖೋಲಿ ತುಂಬಿತು. ತಾಟನ್ನು ಕೆಳಗಿಟ್ಟು, ಎಂದಿನಂತೆ ನನ್ನ ಕಾಲಿಗೆ ಹಣೆ ಹಚ್ಚಿದರು.

"ಅತ್ತಿ, ಏಳ್ರಿ. ನನ್ನ ಮಾತ ಕೇಳ್ರಿ." ಕಾಲು ಹಿಂದಕ್ಕೆಳೆದುಕೊಂಡೆ. "ಅಮ್ಮ ಬಂದಿಲ್ಲ. ಯಾವ ಅಮ್ಮನೂ ಬಂದಿಲ್ಲ. ಇದು ಡಾಕ್ಟರ್ ಹಚ್ಚಿದ ಔಷಧ, ಬಂಗು ಹೋಗ್ಲಿ ಅಂತ ಮಡಗಾಂವದಾಗ ಹಚ್ಚಿಸ್ಕೊಂಡು ಬಂದೇನಿ. ನಿಮಗ ಸುಳ್ಳ ಹೇಳೇನಿ. ತಪ್ಪಾತ್ರಿ."

ಟ್ಯೂಬನ್ನು ಮುಂದೆ ಚಾಚಿದೆ. ಅವರು ಅದರ ಕಡೆ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಎರಡೂ ಕೈ ಜೋಡಿಸಿದರು.

"ಗೊತ್ತಾತವ್ವ. ನೀ ಹಿಂಗ ಅನ್ನಾಕಿನ. ಹೋಗೂ ಮುಂದ ನಾ ಬಂದಽ ಇಲ್ಲ ಅಂತೀದಿ. ಅವತ್ತ ನನ್ನ ಕೂಸಿನ ಬಾಯಾಗೂ ಹಂಗ ಅಂದೀದಿ."

"ಅತ್ತಿ, ನಾ ದ್ರಾಕ್ಷಾಯಿಣಿ ಅದೇನ್ರಿ..."

"ಹೌದು ತಾಯಿ, ಆಕಿ ಬಾಯಾಗ ನೀನ ಮಾತಾಡಾಕತ್ತೀದಿ." ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ನಾ ಇಷ್ಟ ದಿನಾ ಏನೂ ಕೇಳಿಲ್ಲ. ಹೋಗೂಕಿಂತ ಮೊದಲ ಒಂದ ಮಾತ ಹೇಳಿ ಹೋಗು. ಮೂವತ್ತೆಂಟ ವರ್ಷ ಆತು, ಕೇಳಬೇಕಂತ ಕುಂತೇನಿ."

ನಾನು ಟ್ಯೂಬನ್ನು ಹಿಡಿದ ಕೈ ಇಳಿಸಲೂ ಆಗದೆ, ಚಾಚಲೂ ಆಗದೆ ಕೂತೆ.

"ಅಪ್ಪಾಸಾಬ ಇನ್ನಾ ಹುಟ್ಟಿರಲಿಲ್ಲ. ಊರ ಬಿಟ್ಟು ಇಲ್ಲಿ ಬಂದು ಆರ ತಿಂಗಳ ಆಗಿತ್ತು. ಬಂದರಿನ್ಯಾಗ ಅದಿರು ಮಣ್ಣ ಹೊರೂ ಕೆಲಸ. ನನ್ನ ಕಸ್ತೂರಿಗಿ ನಾಕ ವರ್ಷ. ಆಕಿ ಮೈಮ್ಯಾಗ ಬಂದಿ ನೀನು. ಮೂರ ದಿನಾ ಕೂಸಿನ ಬಿಟ್ಟ ಏಳಲಿಲ್ಲ ನಾ. ನಾಕನೇ ದಿನಾ ಕೆಲಸದ ಮುಕಾದಮ ಬಂದು, ಇವತ್ತ ಬರ್ಲಿಲ್ಲಂದ್ರ ಝೋಪಡಿ ಖಾಲಿ ಮಾಡು ಅಂದ. ಹೋದ್ಯವ್ವ. ಬಾಜೂ ಮನಿ ಮುದಿಕಿ ಕಡೆ ಕೂಸಿನ ಬಿಟ್ಟು, ಬುಟ್ಟಿ ಹೊರಾಕ ಹೋದೆ. ಸಂಜಿಕ ಬಂದೆ. ಮೈ ತಣ್ಣಗಾಗಿತ್ತು." ಅವರು ಉಸಿರು ಎಳೆದುಕೊಂಡರು. "ಎಲ್ಲಾರೂ ಅಂದ್ರು, ಅಮ್ಮ ಕುಂತ ಮನಿ ಬಿಟ್ಟು ದುಡ್ಯಾಕ ಹೋದ್ಲು, ಅದಕ್ಕ ಸಿಟ್ಟಾಗಿ ಒಯ್ದ್ಲು ಅಂತ. ಅಪ್ಪಾಸಾಬನ ಅಪ್ಪನೂ ಅಂದ. ಅವತ್ತಿಂದ ಮನ್ಯಾಗ ಆಕಿ ಹೆಸರ ತಗಿಯಾಕ ನನಗ ಬಾಯಿ ಇಲ್ಲ. ಖರೇ ಹೇಳವ್ವ. ನಾ ಹೋಗದಿದ್ರ ನೀ ಬಿಡ್ತಿದ್ಯಾ? ನಾನ ಕೊಂದ್ನೇನ ಆಕಿನ್ನ?"

ಹೊರಗೆ ಯಾರೋ ಬಕೆಟ್ಟು ತೊಳೆಯುತ್ತಿದ್ದರು. ಒಂದು ಬಸ್ಸು ಹೋಯಿತು. ಅರವತ್ತು ದಾಟಿದ ಆ ಹೆಂಗಸು ನನ್ನ ಬಾಯಿಯನ್ನೇ ನೋಡುತ್ತ ಕೈಜೋಡಿಸಿ ಕೂತಿದ್ದರು, ಉತ್ತರಕ್ಕೆ.

ನಾನು ನಿಜ ಹೇಳಲು ಎದ್ದವಳು. ಟ್ಯೂಬಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದು, ಡಾಕ್ಟರಮ್ಮನಿಗೆ ಫೋನು ಹಚ್ಚಿಕೊಟ್ಟು ನಂಬಿಸಬಹುದಿತ್ತು. ನಂಬಿಸಿದರೆ ಏನಾಗುತ್ತದೆ ಎಂದು ನನಗೆ ಕಂಡಿತು. ಅವರು ಎದ್ದು ಬೈಯುತ್ತಾರೆ. ಆಮೇಲೆ ಆ ಪ್ರಶ್ನೆಯನ್ನು ಎತ್ತಿಕೊಂಡು ಮತ್ತೆ ಮೂಲೆಗೆ ಹೋಗುತ್ತಾರೆ, ಸಾಯುವ ತನಕ. ಕೇಳಬೇಕೆಂದರೆ ಅವರಿಗೆ ಈ ಲೋಕದಲ್ಲಿ ಬೇರೆ ಯಾರಿದ್ದಾರೆ?

ಟ್ಯೂಬನ್ನು ಸೆರಗಿನಲ್ಲಿ ಮುಚ್ಚಿದೆ.

"ಇಲ್ಲ" ಎಂದೆ. "ನೀ ಕೊಂದಿಲ್ಲ. ನೀ ಮನ್ಯಾಗ ಕುಂತಿದ್ರೂ ಆಕಿ ಉಳೀತಿರಲಿಲ್ಲ." ಹತ್ತು ವರ್ಷದಲ್ಲಿ ಅತ್ತೆಗೆ ನೀನು ಅಂದವಳಲ್ಲ ನಾನು. "ಹೊಟ್ಟಿ ಸಲುವಾಗಿ ದುಡ್ಯಾಕ ಹೋದಾಕಿ ಮ್ಯಾಲ ನಾ ಯಾಕ ಸಿಟ್ಟಾಗಲಿ? ನಾ ಅಂಥಾಕಿ ಅಲ್ಲ."

ಅವರು ನನ್ನ ಪಾದದ ಹತ್ತಿರ ಸರಿದರು. ಕೇಳಲೋ ಬೇಡವೋ ಎನ್ನುವಂತೆ, "ನಿನ್ನ ಕಡೆ ಅದಾಳೇನು?" ಎಂದರು.

"ನನ್ನ ಕಡೇನ ಅದಾಳ."

"ಮಕ ಹ್ಯಾಂಗ ಐತವ್ವ? ಹೋಗೂ ಮುಂದ ಕೂಸಿನ ಮಕ ಗುರುತ ಸಿಗದಂಗ ಆಗಿತ್ತು. ಕಣ್ಣ ಮುಚ್ಚಿದ್ರ ಅದ ಕಾಣತೈತಿ ನನಗ. ಮೊದಲಿನ ಮಕ ನೆನಪಽ ಆಗೂದಿಲ್ಲ."

"ಒಂದ ಕಲಿ ಇಲ್ಲ" ಎಂದೆ. "ಎಲ್ಲಾ ಹೋಗೈತಿ. ಸ್ವಚ್ಛ ಐತಿ ಮಕ. ನಕ್ಕೋತ ಆಡಾಕತ್ತಾಳ."

ಆಗ ಅವರು ಅತ್ತರು. ಅದು ಅಳುವೂ ಅಲ್ಲ, ಹೊಟ್ಟೆಯೊಳಗಿಂದ ಏನನ್ನೋ ಕಿತ್ತು ಹೊರಗೆ ಹಾಕುವ ಸದ್ದು. ನಾನೂ ಅತ್ತೆ. ಕಣ್ಣೀರು ಕೆನ್ನೆಯ ಹಸಿ ಜಾಗಕ್ಕೆ ತಾಕಿ ಧಗಧಗ ಉರಿಯಿತು, ಒರೆಸಿಕೊಳ್ಳಲಿಲ್ಲ. ದೇವರಾಗಿ ಕೂತವಳು ಅಳಬಾರದೋ ಏನೋ, ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಬಾಯಿ ಹಾಕಿದ ಮೇಲೆ ಪೂರ್ತಿಯೇ ಆಗಲಿ ಎಂದು, "ಅರಿಶಿನ ಬ್ಯಾಡ, ಬೇವ ಬ್ಯಾಡ. ತಣ್ಣೀರ ಹಾಕು, ತಂಪಾಗಿ ಹೋಗ್ತೇನಿ. ಮನಿ ಮಕ್ಕಳನ್ನ ಇವತ್ತಽ ಕರಸ್ಕೊ. ನಾಳಿಂದ ಮಾರಾಕ ಹೋಗು" ಎಂದೆ. ಅವರು ಪ್ರತಿ ಮಾತಿಗೂ "ಹೂಂ ತಾಯಿ, ಹೂಂ" ಎಂದರು.

ತಣ್ಣೀರು ಹಾಕಿದರು. ನನ್ನ ಮುಖಕ್ಕೆ ನೀರು ಸುರಿಯುವಾಗ ಅವರ ಕೈ ನಾಲ್ಕು ವರ್ಷದ ಕೂಸಿಗೆ ಹಾಕುವಂತೆ ಹಾಕುತ್ತಿತ್ತು. ಆಮೇಲೆ ರವಿಕುಮಾರನಿಗೆ ಫೋನು ಮಾಡಿ ಹೆಂಡತಿಯನ್ನೂ ಪೂಜಾಳನ್ನೂ ಕರೆದುಕೊಂಡು ಬಾ ಎಂದರು. ಒಂದು ಬಟ್ಟಲು ಅಂಬಲಿ ಕುಡಿದರು. ಹೊರ ಖೋಲಿಯ ನೆಲದ ಮೇಲೆ ತೋಳನ್ನೇ ತಲೆದಿಂಬು ಮಾಡಿ ಅಡ್ಡಾದವರು, ಎರಡು ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದರು. ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು.

ಎರಡೂವರೆಗೆ ಗಂಡ ಬಂದರು. ಅವರು ಬರುವ ಹೆಜ್ಜೆಯ ಸದ್ದಿನಲ್ಲೇ ಇವತ್ತು ಹೇಳಿಯೇ ತೀರುತ್ತಾರೆ ಎಂದು ನನಗೆ ಗೊತ್ತಾಯಿತು. ಹೊಸ್ತಿಲು ದಾಟಿ ತಾಯಿಯನ್ನು ನೋಡಿ ಬೆಚ್ಚಿ ನಿಂತರು.

"ಅವ್ವಗ ಏನಾತು?"

"ನಿದ್ದಿ ಮಾಡ್ಯಾರ."

"ಹಗಲ ಹೊತ್ತು ಅವ್ವ ಮಲಗಿದ್ದು ನಾ ನೋಡೇ ಇಲ್ಲ." ಅವರಿಗೆ ಏನೋ ಹೊಳೆದಂತಾಗಿ ನನ್ನ ಕಡೆ ತಿರುಗಿದರು. "ಹೇಳಿದ್ಯಾ?"

"ಹೇಳೇನಿ. ಅವರು ನಂಬಲಿಲ್ಲ."

"ನಂಬದ ಏನ ಮಾಡ್ತಾಳ? ನಾ ಹೇಳ್ತೇನಿ, ಸರಿ" ಎಂದು ತಾಯಿಯ ಭುಜದ ಕಡೆ ಬಗ್ಗಿದರು. ನಾನು ಅವರ ಕೈ ಹಿಡಿದೆ. ಇಷ್ಟು ಜೋರಾಗಿ ನಾನು ಅವರ ಕೈ ಯಾವತ್ತೂ ಹಿಡಿದಿರಲಿಲ್ಲ.

"ಎಬ್ಬಿಸಬ್ಯಾಡ್ರಿ. ಇವತ್ತೂ ಹೇಳಬ್ಯಾಡ್ರಿ, ಇನ್ನ ಮ್ಯಾಲ ಯಾವತ್ತೂ ಹೇಳಬ್ಯಾಡ್ರಿ."

"ಯಾಕ? ನಿನ್ನ ಮಾನ ಉಳಸ್ಕೊಳ್ಳಾಕ?"

"ಅಲ್ಲ." ಸದ್ದಾಗದಂತೆ ಅವರ ಕಿವಿಯ ಹತ್ತಿರ ಬಂದೆ. "ನಿಮಗೊಬ್ಬಾಕಿ ಅಕ್ಕ ಇದ್ದಳ್ರಿ. ಆಕಿ ಹೆಸರು ಕಸ್ತೂರಿ."

ಅವರು ನನ್ನನ್ನು ನೋಡಿದರು, ಬಾಯಿ ತೆರೆದು ಮಲಗಿದ್ದ ತಾಯಿಯನ್ನು ನೋಡಿದರು. ಮೂವತ್ತೇಳು ವರ್ಷದ ಗಂಡಸು, ಆ ಹೆಸರನ್ನು ಮೊದಲ ಸಲ ಕೇಳುತ್ತಿದ್ದರು. ಊಟದ ಡಬ್ಬಿಯನ್ನು ಸಪ್ಪಳವಾಗದಂತೆ ಕೆಳಗಿಟ್ಟು, ತಾಯಿಯ ಕಾಲ ಬಳಿ ನೆಲದ ಮೇಲೆ ಕೂತರು.